ಹೆಂಡದಂಗಡಿಯೂ ಊರ ಚರಿತ್ರೆಗೆ ಸೇರಲಿ

ಮಾನ್ಯರೇ,

ಊರ ಚರಿತ್ರೆ ಬರೆಯುವವರು ಗುಡಿ, ಕೆರೆ, ವೀರಗಲ್ಲು ಯಾವುದನ್ನೂ ಬಿಡುವುದಿಲ್ಲ. ಹಳೆಯ ಹೆಂಡದಂಗಡಿಯ ವಿಷಯ ಬಂದರೆ ಮಾತ್ರ ಮುಜುಗರ. ಬರೆದರೂ ಅದನ್ನು ಸಾರಾಯಿ ಅಂಗಡಿಯ ಜೊತೆ ಕಲಸಿಬಿಡುತ್ತಾರೆ. ಇದು ದೊಡ್ಡ ತಪ್ಪು.

ಬಯಲುಸೀಮೆಯ ಹೆಂಡ ಹೆಚ್ಚಾಗಿ ಈಚಲು ಮರದ್ದು. ಸುಳಿಯ ಕೆಳಗೆ ಒಂದು ಬದಿಯ ಗರಿ ಸವರಿ, ಎಳೆಯ ಕಾಂಡವನ್ನು ತೆಳ್ಳಗೆ ಕೆತ್ತಿ ಮಡಕೆ ಕಟ್ಟುತ್ತಿದ್ದರು. ಕತ್ತಿ ಆಳಕ್ಕೆ ಇಳಿದರೆ ಸುಳಿ ಒಣಗಿ ಮರವೇ ಹೋಗುತ್ತದೆ. ರಾತ್ರಿ ಇಳಿದ ರಸ ನಸುಕಿನಲ್ಲಿ ಸಿಹಿ. ಬಿಸಿಲೇರಿದಂತೆ ನೊರೆಯೆದ್ದು ಹುದುಗುತ್ತದೆ, ಮರುದಿನಕ್ಕೆ ಹುಳಿ ಹಿಡಿಯುತ್ತದೆ. ಮಡಕೆಯೊಳಗೆ ಸುಣ್ಣ ಬಳಿದರಷ್ಟೇ ಹುದುಗು ತಡೆದು ನೀರಾ, ಅಂದರೆ ಹುಳಿಯದ ಸಿಹಿ ರಸ, ಸಿಗುವುದು. ಇಷ್ಟು ಬೇಗ ಕೆಡುವ ಸರಕು ದೂರ ಹೋಗುವಂತಿರಲಿಲ್ಲ; ಅಂಗಡಿ ಮರಗಳ ಹತ್ತಿರವೇ ಇರಬೇಕಿತ್ತು. ಸಾರಾಯಿಗೆ ಆ ಕಟ್ಟಿಲ್ಲ. ಕಾಕಂಬಿಯ (ಸಕ್ಕರೆ ತೆಗೆದ ಮೇಲೆ ಉಳಿಯುವ ಕಪ್ಪು ಪಾಕ) ಸ್ಪಿರಿಟ್‌ಗೆ ನೀರು ಬೆರೆಸಿದ ಅದು ಕೆಡದೆ ಪ್ಯಾಕೆಟ್‌ನಲ್ಲಿ ಎಲ್ಲಿಗೆ ಬೇಕಾದರೂ ಹೋಗುತ್ತಿತ್ತು.

ಆದ್ದರಿಂದ ಹೆಂಡದಂಗಡಿಯ ಜಾಗ ಹುಡುಕುವವರು ಮೊದಲು ಗ್ರಾಮ ನಕಾಶೆ, ಹಳೆಯ ಪಹಣಿ ತೆಗೆಸಿ 'ಸೇಂದಿವನ' (ಸೇಂದಿ ಎಂದರೆ ಹೆಂಡ) ಅಥವಾ 'ಈಚಲು ವನ' ಎಂದು ನಮೂದಾದ ಸರ್ವೆ ನಂಬರ್ ನೋಡಲಿ. ಆ ನೆಲ ಈಗ ಬಡಾವಣೆಯೋ ಒತ್ತುವರಿಯೋ ಆಗಿದ್ದರೂ ನಮೂದು ಉಳಿದಿರುತ್ತದೆ. ಅಬಕಾರಿ ವರ್ಷ ಜುಲೈ 1ಕ್ಕೆ ಶುರುವಾಗುವುದರಿಂದ ಗುತ್ತಿಗೆ ಹರಾಜಿನ ಕಾಗದಗಳನ್ನು ಆ ಲೆಕ್ಕದಲ್ಲೇ ಓದಬೇಕು.

ಈ ಅಂಗಡಿಗಳಿಗೆ ರಾಜಕೀಯವೂ ಅಂಟಿತ್ತು. 1939ರಲ್ಲಿ ಚಿತ್ರದುರ್ಗದ ತುರುವನೂರಿನಲ್ಲಿ ಸತ್ಯಾಗ್ರಹಿಗಳು ಈಚಲು ಮರ ಕಡಿದದ್ದು ಹೆಂಡದ ಆದಾಯ ಪಡೆಯುತ್ತಿದ್ದ ಸರ್ಕಾರದ ಬೊಕ್ಕಸಕ್ಕೇ ಪೆಟ್ಟು ಕೊಡಲು. ಮುಂದೆ ಮಂಪರು ತರಿಸುವ ರಾಸಾಯನಿಕವಾದ ಕ್ಲೋರಲ್ ಹೈಡ್ರೇಟ್‌ನ ಬೆರಕೆ ಹೆಂಡದ ಹೆಸರು ಕೆಡಿಸಿತು. 2004ರಲ್ಲಿ, ಕರಾವಳಿಯ ತೆಂಗಿನ ಸೇಂದಿ ಬಿಟ್ಟು, ಹೆಂಡ ನಿಂತಿತು. ಸಾರಾಯಿ ನಿಂತದ್ದು 2007ರ ಜುಲೈ 1ರಂದು. ಎರಡನ್ನೂ ಒಂದೇ ನಿಷೇಧವೆಂದು ಬರೆಯುವುದು ಸರಿಯಲ್ಲ.

ಕಾಗದ ಸಿಗದ ಕಡೆ ಮರವೇ ಸಾಕ್ಷಿ. ಒಂದು ವರ್ಷ ಒಂದು ಬದಿ, ಮರುವರ್ಷ ಎದುರು ಬದಿ ಕೆತ್ತುವುದರಿಂದ ಕಾಂಡ ಅಂಕುಡೊಂಕಾಗಿ ಕಚ್ಚುಕಚ್ಚಾಗಿರುತ್ತದೆ. ಎರಡೂ ಬದಿಯ ಕಚ್ಚು ಎಣಿಸಿದರೆ ಎಷ್ಟು ವರ್ಷ ಹೆಂಡ ಇಳಿಸಿದರೆಂದು ಸುಮಾರಾಗಿ ತಿಳಿಯುತ್ತದೆ. ಇಂಥ ಮರಗಳು ಕೆಲವು ಕೆರೆಯಂಗಳಗಳಲ್ಲಿ ಇನ್ನೂ ಇವೆ. ಹೂಳೆತ್ತುವ ನೆಪದಲ್ಲಿ ಉರುಳಿಸುವ ಮುನ್ನ ಪಂಚಾಯಿತಿಯವರು ಕನಿಷ್ಠ ಬುಡದಿಂದ ಸುಳಿಯವರೆಗೆ ಫೋಟೊ ತೆಗೆಸಿ, ಸರ್ವೆ ನಂಬರಿನೊಂದಿಗೆ ಇಟ್ಟುಕೊಳ್ಳಲಿ.

— ಓದುಗ, ತುಮಕೂರು ಜಿಲ್ಲೆ