ಗ್ಯಾಸ್ ಟಾರ್ಚ್ ಕೊಳ್ಳುವ ಮುನ್ನ

ಮಾನ್ಯರೇ,

ಹುಬ್ಬಳ್ಳಿಯ ಹಾರ್ಡ್‌ವೇರ್ ಅಂಗಡಿಗಳಲ್ಲಿ ಮನೆಯ ರಿಪೇರಿಗೆಂದು ಗ್ಯಾಸ್ ಟಾರ್ಚ್ (ಡಬ್ಬಿಯ ಅನಿಲದಿಂದ ಜ್ವಾಲೆ ಉಗುಳುವ ಉಪಕರಣ) ಕೊಳ್ಳುವವರು ಬೆಲೆಯನ್ನಷ್ಟೇ ವಿಚಾರಿಸುತ್ತಾರೆ. ಗೀಸರಿನ ತಾಮ್ರದ ಪೈಪಿಗೆ ಬೆಸುಗೆ ಹಾಕಲು ನಾವು ತಂದಿದ್ದ ಅಗ್ಗದ ಬ್ಯುಟೇನ್ ಅನಿಲದ ಟಾರ್ಚನ್ನು ಬಗ್ಗಿಸಿದೊಡನೆ, ನೀಲಿ ಜ್ವಾಲೆ ಹಳದಿಯಾಗಿ ಮೊಳದುದ್ದ ಚಿಮ್ಮಿ ಗೋಡೆ ಕಪ್ಪಾಯಿತು. ಡಬ್ಬಿಯೊಳಗಿನ ದ್ರವವು ಅನಿಲವಾಗುವ ಮೊದಲೇ ಬರ್ನರಿಗೆ ನುಗ್ಗಿದರೆ ಹೀಗಾಗುತ್ತದೆ. ಆದ್ದರಿಂದ ಬಗ್ಗಿಸಿದರೂ ಜ್ವಾಲೆ ಸ್ಥಿರವಾಗಿರುವ ಟಾರ್ಚನ್ನೇ ಆರಿಸಿ, ಡಬ್ಬಿ ಕೂಡುವ ಜಾಗಕ್ಕೆ ಸೋಪಿನ ನೀರು ಹಚ್ಚಿ, ಗುಳ್ಳೆ ಎದ್ದು ಅನಿಲ ಸೋರುತ್ತಿದೆಯೇ ಎಂದು ನೋಡಬೇಕು. ಟಾರ್ಚಿಗೆ ಬಳಸುವ ಇನ್ನೊಂದು ಅನಿಲವಾದ ಪ್ರೋಪೇನ್ ಮೈನಸ್ 42 ಡಿಗ್ರಿ ಸೆಲ್ಸಿಯಸ್‌ನಲ್ಲೇ ಕುದಿಯುವುದರಿಂದ, ಡಬ್ಬಿ ತಣ್ಣಗಾದರೂ ಅದರ ಒತ್ತಡ ಬ್ಯುಟೇನಿನಷ್ಟು ಕುಗ್ಗದು. ಪಿವಿಸಿ ಪೈಪಿನ ಜೋಡಣೆಗಂತೂ ಬೆಂಕಿಯೇ ಬೇಡ, ಸಾಲ್ವೆಂಟ್ ಸಿಮೆಂಟ್ ಎಂಬ ಅಂಟು ಸಾಕು. ವ್ಯಾಪಾರಿಗಳು ಟಾರ್ಚನ್ನು ಬಯಲಿನಲ್ಲಿ ಉರಿಸಿ, ಬಗ್ಗಿಸಿ ತೋರಿಸಿಯೇ ಮಾರಬೇಕೆಂದು ವಿನಂತಿಸುತ್ತೇನೆ.

– ಓರ್ವ ಓದುಗ, ಧಾರವಾಡ