ಹ್ಯಾಂಕಾಕ್‌ನ ಮುಮ್ಮುವಿಗೆ, ಮತ್ತು ನಿಮ್ಮೆಲ್ಲರಿಗೆ

ಕಳೆದ ಗುರುವಾರ ಮಗ ವೃತ್ತಿಪರ ಐಸ್ ಹಾಕಿಯ ಒಪ್ಪಂದಕ್ಕೆ ಸಹಿ ಹಾಕಿದ. ಯಾವ ತಂಡ, ಎಷ್ಟು ಕಾದೆವು, ನಡುವೆ ಏನೇನು ದಾಟಿ ಬಂದೆವು ಎಂಬುದು ನಿಮಗೂ ನನ್ನಷ್ಟೇ ಗೊತ್ತಿರುವುದರಿಂದ ಅದನ್ನೆಲ್ಲ ಮತ್ತೆ ಹೇಳುವುದಿಲ್ಲ. ಅವನು ಸೇರಿದ ಇಸಿಎಚ್‌ಎಲ್ ಎಂದರೇನು ಎಂದು ಊರಿನಿಂದ ಫೋನ್ ಮಾಡಿದವರೆಲ್ಲ ಕೇಳುತ್ತಿದ್ದಾರೆ. ಉತ್ತರ ಅಮೆರಿಕದ ಅತಿ ದೊಡ್ಡ ಐಸ್ ಹಾಕಿ ಲೀಗ್ ಎನ್‌ಎಚ್‌ಎಲ್ ಎಲ್ಲಕ್ಕಿಂತ ಮೇಲೆ, ಅದರ ಕೆಳಗೆ ಎಎಚ್‌ಎಲ್, ಅದಕ್ಕೂ ಕೆಳಗಿನ ಮೆಟ್ಟಿಲು ಇದು. ಆಡಿದ್ದಕ್ಕೆ ಸಂಬಳ ಕೊಡುವ ಮೆಟ್ಟಿಲು. ಕಾಲೇಜಿನಲ್ಲಿ ಒಂದು ಋತುವಿಗೆ ಮೂವತ್ತೈದು ಪಂದ್ಯಗಳ ಆಸುಪಾಸು, ಇಲ್ಲಿ 72. ಅಷ್ಟಕ್ಕೂ ಅವನು ಸಿದ್ಧನಾಗಿದ್ದಾನೆ.

ನೆನೆಯಬೇಕಾದವರು ತುಂಬ ಜನ. ಬೆಳಗಿನ ಐದು ಗಂಟೆಯ ಅಭ್ಯಾಸಕ್ಕೆ ಸರದಿಯಂತೆ ಕಾರು ಓಡಿಸಿದ ನಾವಿರುವ ಮೇಪಲ್ ಗ್ರೋವ್‌ನ ಅಪ್ಪ ಅಮ್ಮಂದಿರು, ಐಯೋವಾದಲ್ಲಿ ಜೂನಿಯರ್ ಲೀಗ್ ಆಡಿದ ಎರಡು ವರ್ಷ ಅವನನ್ನು ಮನೆಮಗನಂತೆ ಇಟ್ಟುಕೊಂಡ ದಂಪತಿ, ಕಾಲೇಜಿನ ತರಬೇತುದಾರರು, ಪ್ರತಿ ಪಂದ್ಯಕ್ಕೂ ಸ್ಕೇಟಿನ ಅಲಗು ಮಸೆದುಕೊಟ್ಟವರು, ಫಿಸಿಯೋಥೆರಪಿಸ್ಟ್, ನಾವು ಮನೆಯಲ್ಲಿಲ್ಲದಾಗ ಮಗಳಿಗೆ ಬುತ್ತಿ ಕಟ್ಟಿದ ಕನ್ನಡ ಕೂಟದ ಗೆಳತಿಯರು, ಎಲ್ಲರಿಗೂ ಕೈಮುಗಿಯುತ್ತೇನೆ.

ಅಪ್ಪನಿಗೆ ಬೇರೆಯಾಗಿಯೇ ಹೇಳಬೇಕು. 1997ರಲ್ಲಿ ಕರಡದಲ್ಲಿ ನಡೆದ ಮೊದಲ ಕೊಡವ ಕೌಟುಂಬಿಕ ಹಾಕಿ ಪಂದ್ಯಾವಳಿಯಲ್ಲಿ ನಮ್ಮ ಒಕ್ಕದ ತಂಡಕ್ಕೆ ಆಡಿದವರು ಅವರು. ಆಗಲೇ ಅವರ ವಯಸ್ಸು ಐವತ್ತು ದಾಟಿತ್ತು. ಮೊಮ್ಮಗ ಮಂಜುಗಡ್ಡೆಯ ಮೇಲೆ ಆಡುವುದನ್ನು ನೋಡಲು ಚಳಿಗಾಲದ ಪ್ರತಿ ಶನಿವಾರ ಬೆಳಿಗ್ಗೆ 5.30ಕ್ಕೆ ಎದ್ದು, ವೀರಾಜಪೇಟೆಯ ಮನೆಯ ಜಗಲಿಯಲ್ಲಿ ಸಿಗ್ನಲ್ ಸಿಗುವ ಮೂಲೆ ಹುಡುಕಿ ಕುಳಿತರು. ಚೆಂಡಿನ ಬದಲು ಚಪ್ಪಟೆ ಪಕ್, ಹುಲ್ಲಿನ ಬದಲು ಹಿಮ. ಆದರೂ ಪಂದ್ಯ ಮುಗಿದ ಕೂಡಲೇ ಫೋನ್ ಮಾಡಿ, "ಎಡಗಡೆಯವನು ತೆರವಾಗಿದ್ದ, ಇವನು ನೋಡಲೇ ಇಲ್ಲ" ಎನ್ನುತ್ತಿದ್ದರು. ಅವರು ಹೇಳಿದ್ದು ಸರಿಯಾಗಿರುತ್ತಿತ್ತು ಎಂದು ಮಗನೇ ಒಪ್ಪುತ್ತಿದ್ದ.

ಡ್ರಾಫ್ಟ್‌ನಲ್ಲಿ ಅವನ ಹೆಸರು ಬರಲಿಲ್ಲ. ಡ್ರಾಫ್ಟ್ ಎಂದರೆ ಎನ್‌ಎಚ್‌ಎಲ್ ತಂಡಗಳು ವರ್ಷಕ್ಕೊಮ್ಮೆ ಹೊಸ ಹುಡುಗರನ್ನು ಆರಿಸಿಕೊಳ್ಳುವ ಸರದಿ; 32 ತಂಡಗಳು ಏಳು ಸುತ್ತುಗಳಲ್ಲಿ ಇನ್ನೂರಕ್ಕೂ ಹೆಚ್ಚು ಹುಡುಗರನ್ನು ಆರಿಸುತ್ತವೆ. ಮೂರು ಬೇಸಿಗೆ ನಾವು ಆ ಪಟ್ಟಿಯನ್ನು ಕೊನೆಯ ಸಾಲಿನವರೆಗೆ ಓದಿದೆವು. ಮೂರನೆಯ ಬೇಸಿಗೆ ಕಳೆದ ಮೇಲೆ ಅವನು ಕೋಣೆಯ ಗೋಡೆಗೆ ಮಾರ್ಟಿನ್ ಸೇಂಟ್ ಲೂಯಿಯ ಚಿತ್ರ ಅಂಟಿಸಿಕೊಂಡ. ವರ್ಮಾಂಟ್ ವಿಶ್ವವಿದ್ಯಾಲಯದ ಆ ಕುಳ್ಳ ಆಟಗಾರನನ್ನೂ ಯಾರೂ ಆರಿಸಿರಲಿಲ್ಲ. 2004ರಲ್ಲಿ ಟ್ಯಾಂಪಾ ಬೇ ತಂಡದೊಂದಿಗೆ ಎನ್‌ಎಚ್‌ಎಲ್‌ನ ಸ್ಟ್ಯಾನ್ಲಿ ಕಪ್ ಎತ್ತಿ ಹಿಡಿದವರಲ್ಲಿ ಅವರೂ ಒಬ್ಬರು. ಚಿತ್ರದ ಬಗ್ಗೆ ಮಗ ಏನೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಈಗ ಮುಮ್ಮುವಿನ ವಿಷಯ. ಈ ಬರಹಕ್ಕೆ ಕುಳಿತಿದ್ದೇ ಅವರಿಗಾಗಿ.

ಮುಮ್ಮು ಎಂದರೆ ಫಿನ್ಲೆಂಡ್‌ನವರ ಮಾತಿನಲ್ಲಿ ಅಜ್ಜಿ. ಕಾಲೇಜಿನಲ್ಲಿ ಮಗನ ಜೊತೆ ಕೋಣೆ ಹಂಚಿಕೊಂಡಿದ್ದ ಹುಡುಗನ ಅಜ್ಜಿ ಅವರು. ಮಿಷಿಗನ್‌ನ ಉತ್ತರದ ತುದಿಯಲ್ಲಿ ಮಗನ ಕಾಲೇಜಿರುವ ಹೋಟನ್ ಮತ್ತು ಮುಮ್ಮು ಇರುವ ಹ್ಯಾಂಕಾಕ್ ಎಂಬ ಎರಡು ಊರುಗಳಿವೆ, ನಡುವೆ ನೀರು, ನೀರಿನ ಮೇಲೆ ಒಂದು ಸೇತುವೆ. ತಾಮ್ರದ ಗಣಿ ಕೆಲಸಕ್ಕೆ ಫಿನ್ಲೆಂಡ್‌ನಿಂದ ಬಂದು ನೆಲೆಸಿದವರ ಮನೆಗಳು ಅಲ್ಲಿ ಬಹಳ. ಮುಮ್ಮುವಿನ ತಂದೆಯೂ ಗಣಿಯಲ್ಲಿ ದುಡಿದವರು. ಹಣ ಕೊಟ್ಟು ಆಟಗಾರರನ್ನು ಆಡಿಸಿದ ಮೊದಲ ಹಾಕಿ ಲೀಗ್ 1904ರಲ್ಲಿ ಹೋಟನ್‌ನ ಸುತ್ತಲೇ ಹುಟ್ಟಿದ್ದು, ಅದಕ್ಕೆ ಮುಂದಾಳಾಗಿ ನಿಂತವರು ಗಿಬ್ಸನ್ ಎಂಬ ದಂತವೈದ್ಯರು ಎಂದು ಮಗನಿಗೆ ಹೇಳಿದವರು ಅವರೇ. "ನೀನು ಸರಿಯಾದ ಊರಿಗೇ ಬಂದಿದ್ದೀಯ" ಎಂದಿದ್ದರಂತೆ.

ಕಾಲೇಜಿನ ಎರಡನೆಯ ವರ್ಷದ ಜನವರಿಯ ಆ ಶುಕ್ರವಾರ ನಡೆದದ್ದನ್ನು ಬರೆಯುವುದಿಲ್ಲ. ಪಂದ್ಯ ನೋಡುತ್ತಿದ್ದ ನಾವು ಟಿವಿಯನ್ನೂ ಆರಿಸದೆ ಹೊರಟೆವು. ಹೋಟನ್‌ಗೆ ನಮ್ಮ ಮನೆಯಿಂದ ಒಳ್ಳೆಯ ದಿನದಲ್ಲೂ ಆರೇಳು ಗಂಟೆಯ ದಾರಿ. ಸುಪೀರಿಯರ್ ಸರೋವರವನ್ನು ದಾಟಿ ಬರುವ ಗಾಳಿ ನೀರಿನ ಆವಿಯನ್ನೆಲ್ಲ ಆ ಭಾಗದಲ್ಲಿ ಹಿಮವಾಗಿ ಸುರಿಯುತ್ತದೆ, ವರ್ಷಕ್ಕೆ ಸುಮಾರು 200 ಅಂಗುಲ. ಐರನ್‌ವುಡ್ ತಲುಪುವಾಗ ನಡುರಾತ್ರಿ ಕಳೆದಿತ್ತು. ಪೊಲೀಸರು ಕಾರು ತಡೆದರು. ರಸ್ತೆ ಮುಚ್ಚಿದೆ, ಬೆಳಗಾಗುವವರೆಗೆ ಯಾರನ್ನೂ ಬಿಡುವುದಿಲ್ಲ ಎಂದರು. ಇನ್ನುಳಿದಿದ್ದು ಎರಡೇ ಗಂಟೆಯ ದಾರಿ. ಪೆಟ್ರೋಲ್ ಬಂಕಿನ ಮುಂದೆ ಕಾರು ನಿಲ್ಲಿಸಿ ಕುಳಿತೆವು. ನಾನು ಗಂಡನೊಡನೆ ಜಗಳವಾಡಿದೆ, ದೇವರೊಡನೆ ಜಗಳವಾಡಿದೆ. ಐದು ವರ್ಷದ ಕೂಸಿನ ಕಾಲಿಗೆ ಸ್ಕೇಟ್ ಕಟ್ಟಿದ ನನ್ನ ಕೈಗಳನ್ನೇ ಶಪಿಸಿದೆ. ಅವನು ಬದುಕಿ ಉಳಿದರೆ ಸಾಕು, ಇನ್ನು ಈ ಆಟ ಬೇಡ ಎಂದು ನಿರ್ಧರಿಸಿಬಿಟ್ಟಿದ್ದೆ.

ಆಗ ಫೋನ್ ಬಂತು. ಅದುವರೆಗೆ ಒಮ್ಮೆಯೂ ಮಾತನಾಡಿಸದ ದನಿ. "ನಾನು ಅವನ ಪಕ್ಕದಲ್ಲಿದ್ದೇನೆ. ನೀವು ಬರುವವರೆಗೆ ಎದ್ದು ಹೋಗುವುದಿಲ್ಲ."

ಎಪ್ಪತ್ತೆಂಟು ವರ್ಷದ ಮುದುಕಿ ಆ ಹಿಮದಲ್ಲಿ ತಾವೇ ಕಾರು ಓಡಿಸಿಕೊಂಡು ಆಸ್ಪತ್ರೆಗೆ ಹೋಗಿದ್ದರು. ಎಲ್ಲ ಸರಿಹೋಗುತ್ತದೆ ಎಂಬ ಮಾತನ್ನು ಅವರು ಒಮ್ಮೆಯೂ ಹೇಳಲಿಲ್ಲ. ಪ್ರತಿ ಅರ್ಧ ಗಂಟೆಗೆ ಕರೆ ಮಾಡಿ ಕಣ್ಣಿಗೆ ಕಂಡದ್ದನ್ನು ಮಾತ್ರ ಹೇಳಿದರು. ನರ್ಸ್ ಬಂದು ಹೋದರು. ನೀರು ಕೇಳಿದ. ಈಗ ನಿದ್ದೆ ಹತ್ತಿದೆ. ನಾಲ್ಕು ಗಂಟೆಯ ಹೊತ್ತಿಗೆ ನಾನು ಮಾತನಾಡಲಾರದೆ ಹೋದಾಗ, ಏನೂ ಹೇಳದೆ ಫೋನನ್ನು ಅವನ ದಿಂಬಿನ ಮೇಲಿಟ್ಟರು. ಬೆಳಗಾಗುವವರೆಗೆ ಕಾರಿನಲ್ಲಿ ಕುಳಿತು ಮಗನ ಉಸಿರು ಕೇಳಿದೆ.

ಹಿಮ ತೆಗೆಯುವ ವಾಹನದ ಹಿಂದೆಯೇ ಹೋಗಿ ನಾವು ಮುಟ್ಟಿದಾಗ ಹತ್ತಾಗಿತ್ತು. ಅವರು ಅವನ ಕೈ ಹಿಡಿದುಕೊಂಡೇ ಇದ್ದರು. ನನ್ನನ್ನು ಕಂಡು ಬಿಡಲು ಹೋದರೆ ಬೆರಳುಗಳು ಮರಗಟ್ಟಿ ಬಿಚ್ಚಿಕೊಳ್ಳಲಿಲ್ಲ, ಇನ್ನೊಂದು ಕೈಯಿಂದ ಒಂದೊಂದಾಗಿ ಬಿಡಿಸಿಕೊಂಡರು. ನಾನು ಅವರ ಕಾಲು ಮುಟ್ಟಿದೆ. ಬೂಟಿನ ಹಿಮ ಕರಗಿ ಒದ್ದೆಯಾಗಿತ್ತು. ಅವರಿಗೆ ಅದರ ಅರ್ಥವಾಗಲಿಲ್ಲ. ನನಗೆ ತಲೆ ಸುತ್ತಿತೆಂದು ತಿಳಿದು ಎಬ್ಬಿಸಿ ಕೂರಿಸಿ, ಚೀಲದಿಂದ ಬಟ್ಟೆಯಲ್ಲಿ ಸುತ್ತಿದ ಒಂದು ಬ್ರೆಡ್ಡಿನ ತುಂಡು ತೆಗೆದು ಕೈಗಿಟ್ಟರು. ಅವರ ಕಡೆ ಅದಕ್ಕೆ ನಿಸು ಎನ್ನುತ್ತಾರೆ, ಜಡೆ ಹೆಣೆದಂತೆ ಹೆಣೆದು ಬೇಯಿಸಿದ ಸಿಹಿ ಬ್ರೆಡ್. ಮುರಿದೆ. ಏಲಕ್ಕಿಯ ಘಮ.

ನಮ್ಮ ತೋಟದ ಒಣಗುಮನೆಯ ವಾಸನೆ. ಅಮ್ಮನ ಸೆರಗಿನ ವಾಸನೆ. ರಾತ್ರಿಯಿಡೀ ಬಾರದ ಅಳು ಆಗ ಬಂತು. ಅವರ ಭುಜಕ್ಕೆ ತಲೆಯಾನಿಸಿ ಎಷ್ಟು ಹೊತ್ತು ಅತ್ತೆನೋ ತಿಳಿಯದು.

ಆಮೇಲಿನ ಹನ್ನೊಂದು ತಿಂಗಳು ಅವನು ಪಂದ್ಯ ಆಡಲಿಲ್ಲ. ಆಟ ಬಿಡಿಸಬೇಕೆಂಬ ನನ್ನ ಹಟವನ್ನು ಮುಮ್ಮುವಿನ ಮುಂದಿಟ್ಟೆ. ನನ್ನ ಪರವಾಗಿ ಮಾತನಾಡುತ್ತಾರೆ ಎಂದುಕೊಂಡಿದ್ದೆ. ಅವರು ಅವನನ್ನು ಭಾನುವಾರದ ಊಟಕ್ಕೆ ಕರೆದು, ಒಲೆಯ ಪಕ್ಕ ಕೂರಿಸಿ, "ಬೆಳಿಗ್ಗೆ ಎದ್ದ ಕೂಡಲೇ ನಿನ್ನ ಕಾಲು ಯಾವ ಕಡೆ ನಡೆಯುತ್ತದೆ?" ಎಂದು ಕೇಳಿದರು. "ರಿಂಕ್ ಕಡೆ" ಎಂದ. ನನ್ನತ್ತ ತಿರುಗಿ, ನಿರ್ಧಾರ ನಿಮ್ಮಿಬ್ಬರದು, ನಾನು ಕೇಳಿದ್ದು ಅಷ್ಟೇ ಎಂದರು. ಅವನು ಮರಳಿ ಆಡಿದ ಮೊದಲ ಪಂದ್ಯದಲ್ಲಿ ನಾನು ಕಣ್ಣು ಮುಚ್ಚಿ ಕುಳಿತಿದ್ದೆ. ಪಕ್ಕದಲ್ಲಿದ್ದ ಅವರು ಪ್ರತಿ ಸಲವೂ ಸಣ್ಣ ದನಿಯಲ್ಲಿ ಹೇಳಿದರು: ಇಳಿದ. ಬೆಂಚಿಗೆ ಬಂದ. ಮತ್ತೆ ಇಳಿದ. ಒಂದೊಂದು ಸರದಿ ಮುಕ್ಕಾಲು ನಿಮಿಷ. ಮೂರನೆಯ ಅವಧಿಯ ಹೊತ್ತಿಗೆ ನಾನು ಕಣ್ಣು ತೆರೆದಿದ್ದೆ.

ಕಾಲೇಜು ಹಾಕಿಯಲ್ಲಿ ಹೆಲ್ಮೆಟ್ಟಿಗೆ ಮುಖವಿಡೀ ಮುಚ್ಚುವ ರಕ್ಷಣೆ ಕಡ್ಡಾಯ. ನಮ್ಮ ಹುಡುಗನದು ತಂತಿಯ ಜಾಲರಿ. ವೃತ್ತಿಪರ ಆಟದಲ್ಲಿ ಕಣ್ಣು ಮುಚ್ಚುವಷ್ಟು ಪಾರದರ್ಶಕ ಪಟ್ಟಿ ಸಾಕು. ಮಾರ್ಚ್‌ನಲ್ಲಿ ಕೊನೆಯ ಕಾಲೇಜು ಪಂದ್ಯ ಮುಗಿದ ನಾಲ್ಕನೆಯ ದಿನ ಆಡಿಸಿ ನೋಡಲೆಂದು ತಂಡದಿಂದ ಕರೆ ಬಂದಾಗ, ಮಗ ಹೊರಡುವ ಮೊದಲು ಆ ಜಾಲರಿಯನ್ನು ಬಿಚ್ಚಿ, ಸೇತುವೆ ದಾಟಿ ಹೋಗಿ ಅವರ ಕೈಗೆ ಕೊಟ್ಟು ಬಂದ. ಅದೀಗ ಅವರ ಅಡುಗೆಮನೆಯ ಕಿಟಕಿಯ ಮೊಳೆಗೆ ನೇತಾಡುತ್ತಿದೆ.

ಮುಮ್ಮು, ನಿಮಗೆ ಕನ್ನಡ ಬಾರದು. ಮಗ ಇದನ್ನು ಓದಿ ಹೇಳುತ್ತಾನೆ. ಆ ರಾತ್ರಿ ನಾನಿರಬೇಕಾದ ಜಾಗದಲ್ಲಿ ನೀವಿದ್ದಿರಿ. ಅಪ್ಪ ಈ ಸಲದ ಕೊಯ್ಲಿನ ಏಲಕ್ಕಿ ಕಳುಹಿಸಿದ್ದಾರೆ, ಒಂದು ಕಿಲೋ. ಡಬ್ಬಿಯ ಮೇಲೆ ನಿಮ್ಮ ಹೆಸರನ್ನು ತಾವೇ ಬರೆದಿದ್ದಾರೆ. ಶನಿವಾರ ತರುತ್ತೇವೆ.