18 ಎಂದು ಹೇಳಿ 19 ಮಿಲಿಮೀಟರಿನ ವಾಚ್ ಚೈನ್ ಕಳಿಸಿದ ಬಗ್ಗೆ ದೂರು

ಗೆ,
ಕುಂದುಕೊರತೆ ಅಧಿಕಾರಿಗಳು,
ಗ್ರಾಹಕ ಸೇವಾ ವಿಭಾಗ

ಮಾನ್ಯರೇ,

ಫೋನಿನಲ್ಲಿ ಹೇಳಿ ಹೇಳಿ ಸಾಕಾಯಿತು. ಚಾಟಿನಲ್ಲಿ ಬರೆದೂ ಸಾಕಾಯಿತು. ನಿನ್ನೆ ಸಂಜೆ ನಿಮ್ಮ ಕಡೆಯಿಂದ ಒಂದು ಮೆಸೇಜ್ ಬಂತು. ನನ್ನ ದೂರು ಪರಿಹಾರವಾಗಿದೆಯಂತೆ, ನಿಮ್ಮ ಸೇವೆಗೆ ಎಷ್ಟು ಸ್ಟಾರ್ ಕೊಡುತ್ತೇನೆ ಅಂತ ಕೇಳಿದ್ದೀರಿ. ಏನು ಪರಿಹಾರ ಮಾಡಿದ್ದೀರಿ? ಚೈನ್ ನಮ್ಮ ಮನೆಯ ಮೇಜಿನ ಮೇಲೇ ಇದೆ, ದುಡ್ಡು ನಿಮ್ಮ ಹತ್ತಿರವೇ ಇದೆ. ಆ ಮೆಸೇಜ್ ಓದಿದ ಮೇಲೆ ಇನ್ನು ಫೋನಿನಲ್ಲಿ ಮಾತಾಡಿ ಪ್ರಯೋಜನ ಇಲ್ಲ ಅನಿಸಿತು. ಅದಕ್ಕೇ ಈ ಪತ್ರ. ಇಮೇಲಿನಲ್ಲೂ ಕಳಿಸಿದ್ದೇನೆ, ಸ್ಪೀಡ್ ಪೋಸ್ಟಿನಲ್ಲೂ ಕಳಿಸುತ್ತಿದ್ದೇನೆ.

ವಾಚು ನನ್ನ ಅಪ್ಪನದು. ಸೀಕೋ 5, ಆಟೋಮ್ಯಾಟಿಕ್. ಚಿಕ್ಕಪ್ಪ ದುಬೈಯಲ್ಲಿದ್ದಾಗ ಅಪ್ಪನಿಗೆಂದು ತಂದದ್ದು. ವಾರದ ಹೆಸರು ಅದರಲ್ಲಿ ಇಂಗ್ಲಿಷಿನಲ್ಲೂ ಬರುತ್ತದೆ, ಅರಬಿಯಲ್ಲೂ ಬರುತ್ತದೆ. ಗಲ್ಫಿನಲ್ಲಿ ಮಾರುವ ವಾಚುಗಳು ಹಾಗೆಯೇ ಇರುತ್ತವೆ. 1963ರಲ್ಲಿ ಸೀಕೋದವರು ಈ 5 ಎಂಬ ಸಾಲನ್ನು ಶುರು ಮಾಡಿದಾಗ ಐದು ಗುಣಗಳನ್ನು ಹೇಳಿಕೊಂಡಿದ್ದರು. ಗಟ್ಟಿ ಕೇಸು ಮತ್ತು ಗಟ್ಟಿ ಚೈನ್ ಅವುಗಳಲ್ಲಿ ಒಂದು. ಕೇಸು ಈಗಲೂ ಗಟ್ಟಿಯಾಗಿಯೇ ಇದೆ, ಮೆಷಿನ್ ಚೆನ್ನಾಗಿ ಓಡುತ್ತದೆ. ಆದರೆ ಅಡಿಕೆ ತೋಟದಲ್ಲಿ ವರ್ಷಗಟ್ಟಲೆ ಬೆವರು, ಮಣ್ಣು ತಿಂದ ಚೈನ್ ಸವೆದಿದೆ. ಅದು ತಗಡು ಮಡಚಿ ಮಾಡಿದ ಲಿಂಕುಗಳ ಚೈನ್. ಪಿನ್ನುಗಳು ಸವೆದು ಸಂದಿ ಜಾಸ್ತಿಯಾಗಿದೆ, ಕೈಕೂದಲು ಸಿಕ್ಕಿಕೊಂಡು ಕೀಳುತ್ತದೆ. ಚರ್ಮದ ಬೆಲ್ಟ್ ಹಾಕಿ ನೋಡಿದೆವು. ನಮ್ಮ ಬದಿಯಡ್ಕದ ಆಟಿ ತಿಂಗಳ ಮಳೆ ನಿಮಗೆ ಗೊತ್ತಿರಲಿಕ್ಕಿಲ್ಲ. ಚರ್ಮಕ್ಕೆ ಬೂಸು ಹಿಡಿಯಿತು. ನೈಲಾನ್ ಪಟ್ಟಿ ಬೆವರಿಗೆ ಒದ್ದೆಯಾದರೆ ಒಣಗುವುದೇ ಇಲ್ಲ. ಅಪ್ಪನಿಗೆ ಸ್ಟೀಲೇ ಸರಿ ಅಂತ ಆಯಿತು.

ಕಾಸರಗೋಡು ಪೇಟೆಯಲ್ಲಿ ಮುನ್ನೂರು, ನಾನೂರು ರೂಪಾಯಿಗೆ ಚೈನ್ ಸಿಗುತ್ತದೆ. ಹಳೆ ಬಸ್ ನಿಲ್ದಾಣದ ಹತ್ತಿರದ ವಾಚ್ ರಿಪೇರಿಯವರು ಒಂದು ರಾಶಿಯನ್ನೇ ನನ್ನ ಮುಂದೆ ಹರಡಿದರು. ತುದಿ ನೇರ ಇರುವ ಚೈನುಗಳು ಅವು. ದುಂಡಗಿನ ಕೇಸಿಗೆ ಹಾಕಿದರೆ ನಡುವೆ ಸಂದಿ ಉಳಿಯುತ್ತದೆ. ಲಾಕ್ ತೆಳು ತಗಡು. ಸುಮ್ನೆ ಅಗ್ಗಕ್ಕೆ ಸಿಕ್ಕಿತು ಅಂತ ಅಪ್ಪನ ವಾಚಿಗೆ ಅದನ್ನು ಹಾಕಲು ಮನಸ್ಸು ಬರಲಿಲ್ಲ. ಹಾಗಂತ ವಾಚಿನ ಬೆಲೆಯ ಅರ್ಧದಷ್ಟನ್ನು ಚೈನಿಗೇ ಸುರಿಯುವ ಶಕ್ತಿ ನಮಗಿಲ್ಲ. ನಡುವಿನ ಬೆಲೆಯಲ್ಲಿ ಒಳ್ಳೆಯದು ಯಾವುದು ಅಂತ ನಾನು ತುಂಬಾ ನೋಡಿದೆ.

ಮೊದಲು ಲಗ್ ನಡುವಿನ ಅಗಲ. ಲಗ್ ಅಂದರೆ ಚೈನ್ ಸಿಕ್ಕಿಸಲು ಕೇಸಿನಿಂದ ಹೊರಚಾಚಿದ ಕೊಂಬುಗಳು. ಅದು ಸರಿ ಇಲ್ಲದಿದ್ದರೆ ಉಳಿದದ್ದೆಲ್ಲ ದಂಡ. ಆಮೇಲೆ ತುದಿಯ ತುಂಡು. ಅದು ಕೇಸಿನ ದುಂಡಿಗೆ ಕೂರಬೇಕು, ಟೊಳ್ಳಾಗಿರಬಾರದು. ಟೊಳ್ಳಿದ್ದರೆ ಸ್ವಲ್ಪ ದಿನಕ್ಕೇ ಸಡಿಲವಾಗಿ ಕಟಕಟ ಎನ್ನುತ್ತದೆ. ಲಿಂಕ್ ತೆಗೆಯಲು ಸ್ಕ್ರೂ ಇದ್ದರೆ ಮನೆಯಲ್ಲೇ ಬಿಚ್ಚಬಹುದು. ಬಡಿದು ಕೂರಿಸುವ ಪಿನ್ ಆದರೆ ಪ್ರತಿ ಸಲ ಅಂಗಡಿಗೇ ಹೋಗಬೇಕು. ಲಾಕಿನ ಬದಿಯಲ್ಲಿ ಹೊಂದಿಸುವ ತೂತುಗಳಿರಬೇಕು, ಯಾಕೆಂದರೆ ಬೆಳಗ್ಗೆ ಸರಿಯಾದ ಚೈನ್ ಮಧ್ಯಾಹ್ನದ ಸೆಕೆಗೆ ಅಪ್ಪನ ಕೈಯಲ್ಲಿ ಬಿಗಿಯಾಗುತ್ತದೆ. ಕೊನೆಗೆ ಸ್ಟೀಲ್. 316ಎಲ್ ಎಂದರೆ ಅದರಲ್ಲಿ 2ರಿಂದ 3 ಶೇಕಡಾ ಮಾಲಿಬ್ಡಿನಮ್ ಎಂಬ ಲೋಹ ಇರಬೇಕು. ಪಾತ್ರೆಗೆ ಬಳಸುವ 304ರಲ್ಲಿ ಅದು ಇರುವುದಿಲ್ಲ. ಬೆವರಿನ ಉಪ್ಪು, ಕಡಲಿನ ಗಾಳಿಯ ಉಪ್ಪು ತಡೆಯುವುದು ಅದರಿಂದಲೇ. ಇಷ್ಟೂ ಇದೆ ಅಂತ ನಿಮ್ಮ ಪುಟದಲ್ಲಿ ಬರೆದಿತ್ತು. ನಮ್ಮ ವಾಚಿನ ಮಾಡೆಲಿಗೇ ಮಾಡಿದ್ದು, 18 ಮಿಲಿಮೀಟರ್, ಗಟ್ಟಿ ತುದಿ, ಸ್ಕ್ರೂ, 316ಎಲ್. ಬೆಲೆ 1,499 ರೂಪಾಯಿ. ಆ ಮಾತು ನಂಬಿ ದುಡ್ಡು ಕೊಟ್ಟೆ.

ಬಂದದ್ದು ಬೇರೆಯೇ. ಚೈನಿನ ತುದಿ ಲಗ್ ನಡುವೆ ಹೋಗಲೇ ಇಲ್ಲ. ನಾನು ಹೈಯರ್ ಸೆಕೆಂಡರಿಯಲ್ಲಿ ಭೌತಶಾಸ್ತ್ರ ಕಲಿಸುವವಳು. ಪ್ಲಸ್ ಒನ್ ಮಕ್ಕಳಿಗೆ ಲ್ಯಾಬಿನಲ್ಲಿ ಶುರುವಿಗೇ ಕಲಿಸುವುದು ವರ್ನಿಯರ್ ಕ್ಯಾಲಿಪರ್ಸ್ ಹಿಡಿಯುವುದನ್ನು. ವಾಚು, ಚೈನ್ ಎರಡನ್ನೂ ಶಾಲೆಗೆ ಒಯ್ದೆ. ಶೂನ್ಯ ದೋಷ ಇಲ್ಲವೆಂದು ನೋಡಿಕೊಂಡೆ. ಒಳ ದವಡೆಯಿಂದ ಲಗ್ ನಡುವಿನ ಜಾಗ ಅಳೆದರೆ 18.0 ಮಿಲಿಮೀಟರ್. ಹೊರ ದವಡೆಯಿಂದ ನಿಮ್ಮ ಚೈನಿನ ತುದಿ ಅಳೆದರೆ 19.0. ಎರಡು ತುದಿಯೂ ಅಷ್ಟೇ. ಆ ಉಪಕರಣ ಮಿಲಿಮೀಟರಿನ ಹತ್ತನೇ ಒಂದು ಭಾಗವನ್ನು ತೋರಿಸುತ್ತದೆ. ಒಂದಿಡೀ ಮಿಲಿಮೀಟರ್ ವ್ಯತ್ಯಾಸ ಅಂದರೆ ಅದು ನನ್ನ ಕಣ್ಣಿನ ತಪ್ಪಲ್ಲ.

ಮನೆಗೆ ಬಂದು ಚೈನ್ ಬಂದ ಪ್ಲಾಸ್ಟಿಕ್ ಚೀಲವನ್ನು ಮತ್ತೆ ನೋಡಿದೆ. 18 ಎಂದು ಅಚ್ಚಾದ ಸಣ್ಣ ಬಿಳಿ ಸ್ಟಿಕ್ಕರ್ ಒಂದಿತ್ತು. ಒಂದು ಮೂಲೆ ಎದ್ದಿತ್ತು. ಉಗುರಿನಿಂದ ನಿಧಾನಕ್ಕೆ ಎಬ್ಬಿಸಿದೆ. ಅಡಿಯಲ್ಲಿ ಚೀಲದ ಮೇಲೇ ಅಚ್ಚಾಗಿತ್ತು: 19. ಫೋಟೋ ಲಗತ್ತಿಸಿದ್ದೇನೆ, ಸ್ಟಿಕ್ಕರ್ ಅರ್ಧ ಎದ್ದಿರುವಾಗ ತೆಗೆದದ್ದು. ಇದು ಗೋದಾಮಿನಲ್ಲಿ ಯಾರದೋ ಕೈತಪ್ಪಿನಿಂದ ಆದದ್ದು ಅಂತ ದಯವಿಟ್ಟು ಹೇಳಬೇಡಿ. ಕೈತಪ್ಪಿದರೆ ಬೇರೆ ಚೀಲ ಬರುತ್ತದೆ. ಸ್ಟಿಕ್ಕರ್ ತಾನಾಗಿ ಬಂದು 19ರ ಮೇಲೆ ಕೂರುವುದಿಲ್ಲ.

ಉಳಿದದ್ದನ್ನೂ ಹೇಳುತ್ತೇನೆ. ತುದಿಯ ತುಂಡು ಗಟ್ಟಿಯಲ್ಲ, ಮಡಚಿದ ತಗಡು. ಸ್ಕ್ರೂ ಇಲ್ಲ, ಬಡಿದು ಕೂರಿಸುವ ಸೀಳು ಪಿನ್ನು. 316ಎಲ್ ಅಯಸ್ಕಾಂತಕ್ಕೆ ಹೆಚ್ಚುಕಮ್ಮಿ ಅಂಟುವುದೇ ಇಲ್ಲ. ಚೈನನ್ನು ಲಗ್ಗಿಗೆ ಸಿಕ್ಕಿಸುವ ಸಣ್ಣ ಕಡ್ಡಿ, ಅಂದರೆ ಸ್ಪ್ರಿಂಗ್ ಬಾರ್, ಅಂಟಬಹುದು, ಬಗ್ಗಿಸಿದ ಜಾಗದಲ್ಲಿ ಅಲ್ಪಸ್ವಲ್ಪ ಸೆಳೆತ ಇರಬಹುದು, ಅದನ್ನು ನಾನೂ ಒಪ್ಪುತ್ತೇನೆ. ನಿಮ್ಮ ಚೈನಿನ ಲಾಕನ್ನು ಲ್ಯಾಬಿನ ಅಯಸ್ಕಾಂತಕ್ಕೆ ಹಿಡಿದರೆ ಇಡೀ ಚೈನ್ ನೇತಾಡುತ್ತದೆ.

ಈಗ ನಿಮ್ಮ ಗ್ರಾಹಕ ಸೇವೆಯ ಮಾತು. ಭಾಷೆ ಆರಿಸುವಲ್ಲಿ ಕನ್ನಡ ಇತ್ತು, ಒತ್ತಿದೆ. ಸಿಕ್ಕಿದವರು ನನ್ನ ಪಿನ್‌ಕೋಡ್ ನೋಡಿ, ಕನ್ನಡ ಸೇವೆ ಕರ್ನಾಟಕದ ವಿಳಾಸಕ್ಕೆ ಮಾತ್ರ ಎಂದು ಮಲಯಾಳದ ಲೈನಿಗೆ ದಾಟಿಸಿದರು. ಕಾಸರಗೋಡು ಕೇರಳಕ್ಕೆ ಸೇರಿದ್ದು 1956ರ ನವೆಂಬರ್ 1ಕ್ಕೆ. ನಮ್ಮ ಮನೆಮಾತು ಅವತ್ತು ಬದಲಾಗಲಿಲ್ಲ. ನನಗೆ ಮಲಯಾಳ ಚೆನ್ನಾಗಿ ಬರುತ್ತದೆ, ಆ ಭಾಷೆಯ ಮೇಲೆ ಸಿಟ್ಟೂ ಇಲ್ಲ. ಆದರೆ ಕೊಡುತ್ತೇವೆ ಎಂದು ತೋರಿಸಿದ್ದನ್ನು ಪಿನ್‌ಕೋಡ್ ನೋಡಿ ಕಿತ್ತುಕೊಳ್ಳುವುದು ಯಾವ ನ್ಯಾಯ?

ಮುಂದಿನ ಮಾತು ಮಲಯಾಳದಲ್ಲಿ ನಡೆಯಿತು. ಕನ್ನಡದಲ್ಲಿ ಬರೆಯುತ್ತೇನೆ. ನಿಮ್ಮಲ್ಲಿ ರೆಕಾರ್ಡಿಂಗ್ ಇದೆ ಅಂತ ಕರೆಯ ಶುರುವಿಗೇ ನೀವೇ ಹೇಳುತ್ತೀರಿ, ಹೋಲಿಸಿ ನೋಡಿ. ಅಪ್ಪ ನನ್ನ ಪಕ್ಕದ ಕುರ್ಚಿಯಲ್ಲಿದ್ದರು. ಚೈನ್ ಹಿಡಿದು ಮಾತಾಡಬೇಕಿತ್ತು, ಅದಕ್ಕೇ ಫೋನನ್ನು ಸ್ಪೀಕರಿಗೆ ಹಾಕಿದ್ದೆ. ಲೈನಿಗೆ ಬಂದ ನಿಮ್ಮ ಹುಡುಗ ಹೇಳಿದ:

"ಮ್ಯಾಡಮ್, ಟೈಲರ್ ಟೇಪಿನಲ್ಲಿ ಅಳೆದರೆ ಸರಿ ಬರುವುದಿಲ್ಲ."

"ಟೇಪಲ್ಲ, ವರ್ನಿಯರ್ ಕ್ಯಾಲಿಪರ್ಸಿನಲ್ಲಿ ಅಳೆದದ್ದು. ಫೋಟೋ ಕಳಿಸಿದ್ದೇನೆ."

"ಫೋಟೋ ನೋಡಿದೆ. ನಮ್ಮ ಸಿಸ್ಟಮಿನಲ್ಲಿ 18 ಅಂತ ಇದೆ ಮ್ಯಾಡಮ್."

"ಸಿಸ್ಟಮಿನಲ್ಲಿ ಇರಲಿ, ನನ್ನ ಕೈಯಲ್ಲಿರುವುದು 19."

"ಸ್ವಲ್ಪ ಜೋರಾಗಿ ಒತ್ತಿ, ಕೂರುತ್ತದೆ. ಹೊಸತು ಬಿಗಿ ಇರುತ್ತದೆ."

ಸ್ಟೀಲನ್ನು ಒತ್ತಿದರೆ ಒಂದು ಮಿಲಿಮೀಟರ್ ಕಿರಿದಾಗುವುದಿಲ್ಲ, ಲಗ್ಗಿನ ಒಳಬದಿ ಗೀರಿ ಹೋಗುತ್ತದೆ, ಸ್ಪ್ರಿಂಗ್ ಬಾರಿನ ತುದಿ ತೂತಿಗೆ ಸರಿಯಾಗಿ ಇಳಿಯದೆ ವಾಚು ಕೈಯಿಂದ ಜಾರಿ ಬೀಳುತ್ತದೆ ಅಂತ ವಿವರಿಸಿದೆ. ಕ್ಲಾಸಿನಲ್ಲಿ ಹೇಳುವಷ್ಟೇ ಸಮಾಧಾನದಲ್ಲಿ ಹೇಳಿದೆ. ಆಗ ಅವನು ಹೇಳಿದ್ದು ಇದು:

"ಮನೆಯಲ್ಲಿ ಗಂಡಸರು ಯಾರಾದರೂ ಇದ್ದರೆ ಫೋನ್ ಕೊಡಿ ಮ್ಯಾಡಮ್. ಟೆಕ್ನಿಕಲ್ ವಿಷಯ ಅಲ್ವಾ."

ನಾನು ಉತ್ತರ ಕೊಡುವ ಮೊದಲೇ ಅಪ್ಪ ಫೋನಿನ ಹತ್ತಿರ ಬಗ್ಗಿ, "ನಾನು ಇವಳ ತಂದೆ. ನನಗೆ ಇದೆಲ್ಲ ಗೊತ್ತಿಲ್ಲ. ಅವಳು ಹೇಳಿದ್ದು ಸರಿ" ಅಂದರು. ಅವನು ತಕ್ಷಣ ದನಿ ಬದಲಿಸಿದ. ನನಗೆ ಹೇಳಿದ್ದನ್ನೇ ಅಪ್ಪನಿಗೆ 'ಸರ್, ಸರ್' ಅಂತ ಮೊದಲಿನಿಂದ ಹೇಳಿದ. ಹೇಳಿ ಮುಗಿಸಿ, "ಸರ್, ನಮ್ಮ ಚೈನ್ ಒರಿಜಿನಲ್ ವಾಚಿಗೆ ಸರಿಯಾಗಿಯೇ ಕೂರುತ್ತದೆ. ನಿಮ್ಮ ವಾಚು ಡೂಪ್ಲಿಕೇಟ್ ಇರಬೇಕು" ಅಂದ.

ಆ ವಾಚು ಡೂಪ್ಲಿಕೇಟ್ ಅಲ್ಲ. ಹಿಂಬದಿಯ ಮುಚ್ಚಳದಲ್ಲಿ 7ಎಸ್26 ಎಂಬ ಮೆಷಿನ್ ನಂಬರ್ ಇದೆ, ಅದರ ಜೊತೆ ಕೇಸಿನ ನಂಬರ್, ಆರು ಸ್ಥಾನದ ಸೀರಿಯಲ್ ನಂಬರ್ ಇದೆ. ಸೀರಿಯಲ್ಲಿನ ಮೊದಲ ಅಂಕಿ ತಯಾರಾದ ವರ್ಷದ ಕೊನೆಯ ಅಂಕಿ, ಎರಡನೆಯದು ತಿಂಗಳು. ವಾಚಿನ ಚೈನ್ ಮಾರುವವರಿಗೆ ಇದು ತಿಳಿದಿರಬೇಕು. ಆರ್ಡರ್ ಮಾಡುವಾಗ ಕೇಸಿನ ನಂಬರನ್ನು ಕೇಳಿ ಪಡೆದವರು ನೀವೇ. ಚಿಕ್ಕಪ್ಪ ಈಗ ಇಲ್ಲ. ಅವರು ತಂದದ್ದು ನಕಲಿ ಅಂತ, ಅದನ್ನು ಇಷ್ಟು ವರ್ಷ ಕಟ್ಟಿಕೊಂಡವರ ಕಿವಿಗೆ ಬೀಳುವ ಹಾಗೆ, ನೋಡದೆ ಮಾಡದೆ ಹೇಳಲು ನಿಮ್ಮವನಿಗೆ ಅಧಿಕಾರ ಕೊಟ್ಟವರು ಯಾರು? ಅಪ್ಪ ಒಂದು ಮಾತೂ ಆಡಲಿಲ್ಲ. ಕರೆ ಮುಗಿದ ಮೇಲೆ "ಬಿಡು, ಹಳೇದನ್ನೇ ಹಾಕಿಕೊಳ್ತೇನೆ" ಅಂತ ಎದ್ದು ಹೋದರು. ಅವರು ಬಿಟ್ಟಿರಬಹುದು. ನಾನು ಬಿಡುವುದಿಲ್ಲ.

ಆಮೇಲೆ ನೀವು ಕೊಟ್ಟ ಕಾರಣಗಳೂ ಒಂದಕ್ಕೊಂದು ಸೇರುವುದಿಲ್ಲ. ಚೀಲ ತೆರೆದಿದ್ದೀರಿ, ಮೈಗೆ ತಾಗುವ ವಸ್ತು, ವಾಪಸ್ ಇಲ್ಲ ಅಂದಿರಿ. ಚೀಲ ತೆರೆಯದೆ ಚೈನ್ ಹಾಕಿ ನೋಡುವುದು ಹೇಗೆ? ಮತ್ತೊಬ್ಬರು, ವಾಪಸ್ ತೆಗೆದುಕೊಳ್ಳಬಹುದು, ಆದರೆ ನಿಮ್ಮ ಪಿನ್‌ಕೋಡಿಗೆ ಪಿಕಪ್ ಇಲ್ಲ ಅಂದರು. ತಂದುಕೊಡಲು ದಾರಿ ಸಿಕ್ಕಿದ ಊರಿಗೆ ಒಯ್ಯಲು ದಾರಿ ಸಿಗುವುದಿಲ್ಲವೇ? ರಿಪೇರಿಯವರು ಅರ ಹಾಕಿ ಎರಡು ಬದಿ ಅರ್ಧರ್ಧ ಮಿಲಿಮೀಟರ್ ಉಜ್ಜಬಹುದು ಅಂದಿದ್ದರು. "ಉಜ್ಜಿದರೆ ಅವರು ಮತ್ತೆ ವಾಪಸ್ ತೆಗೆದುಕೊಳ್ಳಲಿಕ್ಕಿಲ್ಲ, ಯೋಚಿಸಿ" ಅಂತ ಎಚ್ಚರಿಸಿದವರೂ ಅವರೇ. ಅದಕ್ಕೇ ಚೈನನ್ನು ಬಂದ ಹಾಗೆಯೇ ಇಟ್ಟಿದ್ದೇನೆ. ಒಂದು ಗೀರೂ ಇಲ್ಲ.

ನಿಯಮ ನಿಮಗೆ ಗೊತ್ತೇ ಇರಬೇಕು. 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ದೂರು ಬಂದ 48 ಗಂಟೆಯೊಳಗೆ ಕುಂದುಕೊರತೆ ಅಧಿಕಾರಿ ಅದು ತಲುಪಿದೆ ಎಂದು ತಿಳಿಸಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು. ಜಾಹೀರಾತಿನಲ್ಲಿ ಹೇಳಿದ ಗುಣ ಇಲ್ಲದ ವಸ್ತುವನ್ನು ವಾಪಸ್ ತೆಗೆದುಕೊಳ್ಳುವುದಿಲ್ಲ ಅನ್ನುವ ಹಾಗಿಲ್ಲ. ನಿಮ್ಮ ಸೈಟಿನ ಪಾಲಿಸಿ ಈ ನಿಯಮಕ್ಕಿಂತ ದೊಡ್ಡದಲ್ಲ. ಅಳತೆ ಮುಖ್ಯವಾದ ವಸ್ತುವಿನ ಪ್ಯಾಕೆಟಿನ ಮೇಲೆ ಅಳತೆ ಬರೆದಿರಬೇಕು, ಅದನ್ನು ಸ್ಟಿಕ್ಕರ್ ಅಂಟಿಸಿ ಬದಲಿಸಬಾರದು ಅಂತ 2011ರ ಪ್ಯಾಕೇಜ್ಡ್ ಕಮಾಡಿಟೀಸ್ ನಿಯಮಗಳೂ ಹೇಳುತ್ತವೆ.

ನಾನು ಕೇಳುವುದು ಇಷ್ಟು. ನಿಮ್ಮ ಖರ್ಚಿನಲ್ಲಿ ಚೈನ್ ಒಯ್ಯಿರಿ, 1,499 ರೂಪಾಯಿ ಪೂರ್ತಿ ವಾಪಸ್ ಹಾಕಿ. ಕೂಪನ್ ಬೇಡ, ವ್ಯಾಲೆಟ್ ಪಾಯಿಂಟ್ ಬೇಡ. ವಾಚನ್ನು ಡೂಪ್ಲಿಕೇಟ್ ಎಂದದ್ದು ತಪ್ಪು ಅಂತ ನನ್ನ ಅಪ್ಪನ ಹೆಸರಿಗೆ ಪತ್ರ ಬರೆಯಿರಿ, ಕನ್ನಡದಲ್ಲಿ. ಆ ಹುಡುಗನ ಕೆಲಸ ಕಿತ್ತುಕೊಳ್ಳಿ ಅಂತ ನಾನು ಹೇಳುವುದಿಲ್ಲ. ಅವನಿಗೆ ಹಾಗೆ ಮಾತಾಡಲು ಕಲಿಸಿದವರು ಮೇಲೆ ಯಾರೋ ಇದ್ದಾರೆ, ಸಹಿ ಅವರದಿರಲಿ.

ಕಾನೂನು ಕೊಟ್ಟ ಆ ಒಂದು ತಿಂಗಳು ಕಾಯುತ್ತೇನೆ. ಆಮೇಲೆ ಒಂದು ದಿನವೂ ಕಾಯುವುದಿಲ್ಲ. ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ಸುಮ್ಮನಾಗುವವಳೂ ನಾನಲ್ಲ. 2019ರ ಗ್ರಾಹಕ ರಕ್ಷಣಾ ಕಾಯ್ದೆಯಲ್ಲಿ ನಾನು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು, ನಿಮ್ಮ ಆಫೀಸು ಇರುವ ಊರಿಗೆ ಬರಬೇಕಿಲ್ಲ. 5 ಲಕ್ಷದವರೆಗಿನ ವ್ಯವಹಾರಕ್ಕೆ ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. ಕಾಸರಗೋಡಿನ ಜಿಲ್ಲಾ ಗ್ರಾಹಕ ಆಯೋಗಕ್ಕೆ ಬೇಕಾದ ಅರ್ಜಿ ಬರೆದಿಟ್ಟಾಗಿದೆ. ಸ್ಟಿಕ್ಕರಿನ ಫೋಟೋ ಜೊತೆ ತೂಕ, ಅಳತೆ ನೋಡಿಕೊಳ್ಳುವ ಲೀಗಲ್ ಮೆಟ್ರಾಲಜಿ ಇಲಾಖೆಗೆ ಬೇರೆಯೇ ದೂರು ಹೋಗುತ್ತದೆ. ಅದು ನೀವು ದುಡ್ಡು ಕೊಟ್ಟರೂ ಹೋಗುತ್ತದೆ, ಕೊಡದಿದ್ದರೂ ಹೋಗುತ್ತದೆ. 19ರ ಮೇಲೆ 18 ಅಂಟಿಸಿಕೊಂಡ ಚೀಲ ನನಗೊಬ್ಬಳಿಗೇ ಬಂದಿರಲಿಕ್ಕಿಲ್ಲ. ಆಯೋಗ ಕರೆದ ದಿನ ವಾಚು, ಚೈನ್, ವರ್ನಿಯರ್ ಮೂರನ್ನೂ ತರುತ್ತೇನೆ. ನಿಮ್ಮ ಕಡೆಯವರು ಬಂದು ಎಲ್ಲರ ಎದುರಿಗೇ ಅಳೆದು ತೋರಿಸಲಿ.

ಇತಿ,
ನಿಮ್ಮ ಗ್ರಾಹಕಿ,
ಬದಿಯಡ್ಕ, ಕಾಸರಗೋಡು ಜಿಲ್ಲೆ

ಲಗತ್ತು: ಬಿಲ್ಲು, ಅಳತೆಯ ಫೋಟೋಗಳು, ಸ್ಟಿಕ್ಕರಿನ ಫೋಟೋ, ಅಯಸ್ಕಾಂತದ ವಿಡಿಯೋ